ಅಪ್ಪನ ಬುಟ್ಟಿ

"ಗುರುಗಳೇ, ನಾವು ಪ್ರೀತಿಸುವವರು ತಪ್ಪು ಮಾಡುತ್ತಿದ್ದರೆ ಅದನ್ನು ಅವರಿಗೆ ಹೇಳಬೇಕೋ, ನೋಯುತ್ತಾರೆಂದು ಮುಚ್ಚಿಡಬೇಕೋ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಮುಖ ನೋಡಿದರು. ಯಾರ ತಪ್ಪು, ಏನು ತಪ್ಪು ಎಂದು ವಿಚಾರಿಸಲಿಲ್ಲ. ಏಡಿ ಹಿಡಿಯುವವರ ಕತೆಯೊಂದಿದೆ, ಕೂತುಕೋ ಎಂದರು. ಶಿಷ್ಯ ಗೊತ್ತಿದೆ ಎನ್ನುವಂತೆ ನಕ್ಕ.

"ನಗಬೇಡ ಮಾರಾಯ. ಬುಟ್ಟಿಯೊಳಗೆ ಒಂದರ ಕಾಲನ್ನು ಇನ್ನೊಂದು ಎಳೆಯುವ ಕತೆ ಅಲ್ಲ ಇದು. ಅದನ್ನು ಕಟ್ಟಿದವನು ಏಡಿಯನ್ನು ತಟ್ಟೆಯಲ್ಲಿ ಮಾತ್ರ ಕಂಡಿದ್ದ" ಎಂದು ಗದರಿ, ಗುರುಗಳು ಕತೆ ಶುರುಮಾಡಿದರು.

ಕಡಲತಡಿಯ ಊರಲ್ಲಿ ಒಬ್ಬ ದೋಣಿಯವನಿದ್ದ. ಅವನಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಸೊಸೆ. ದೋಣಿ ಮನೆಯದ್ದು, ಅದರಲ್ಲಿ ದುಡಿಯುವವರೂ ಮನೆಯವರೇ. ಹಿರಿಯ ಮಗ ಇಂಜಿನ್ ನೋಡಿಕೊಳ್ಳುತ್ತಿದ್ದ. ಕಿರಿಯವನು ಬಲೆ ಎಳೆಯುತ್ತಿದ್ದ, ಬಲೆ ಬಿಡುತ್ತಿದ್ದ. ಅಪ್ಪ ನಡುವೆ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದ. ಸಿಕ್ಕ ಏಡಿಯನ್ನು ಪೇಟೆಗೆ ಹೊತ್ತು ಮಾರುವವಳು ಹಿರಿಯವನ ಹೆಂಡತಿ. ಅವಳ ಬಾಯಿ ಸ್ವಲ್ಪ ಜೋರು. ಮೀನುಪೇಟೆಯಲ್ಲಿ ಕೂರುವವಳು ಮೆತ್ತಗೆ ಮಾತಾಡಿದರೆ ವ್ಯಾಪಾರ ಆಗುತ್ತದೆಯೇ, ನೀನೇ ಹೇಳು.

ಆ ಮನೆಯಲ್ಲಿ ಅಜ್ಜನ ಕಾಲದಿಂದ ಒಂದು ಕಟ್ಟಳೆ ಇತ್ತು. ಮೊಟ್ಟೆ ಹೊತ್ತ ಏಡಿ ಬಲೆಗೆ ಬಿದ್ದರೆ ಅದನ್ನು ಬಿಡಿಸಿ ಕಡಲಿಗೇ ಬಿಡಬೇಕು. ಮೊಟ್ಟೆ ಇರುವುದು ಏಡಿಯ ಹೊಟ್ಟೆಯ ಅಡಿಯಲ್ಲಿ. ಒಂದೊಂದನ್ನೂ ಮಗುಚಿ ನೋಡಬೇಕು. ಹಾಗೆ ಮಗುಚಿ ನೋಡುವ ಕೆಲಸ ಮನೆಯ ಯಜಮಾನನದು, ಅದಕ್ಕೆ ಬೇರೆಯವರು ಕೈ ಹಾಕುವಂತಿಲ್ಲ. ನಲವತ್ತು ವರ್ಷ ಅಪ್ಪ ಆ ಕೆಲಸ ಮಾಡಿದ್ದ. ಬಸುರಿಯನ್ನು ಹಿಡಿದು ತಿಂದವನಿಗೆ ಕಡಲು ಎರಡನೇ ಸಲ ಉಣಿಸುವುದಿಲ್ಲ ಎಂದು ಅವನು ಹೇಳುತ್ತಿದ್ದ. ಪೇಟೆಯಲ್ಲಿ ಅವನ ದೋಣಿಯ ಏಡಿ ಎಂದರೆ ಜನ ಎರಡನೇ ಮಾತಿಲ್ಲದೆ ಕೊಳ್ಳುತ್ತಿದ್ದರು.

ಒಂದು ದಿನ ಸೊಸೆಯ ಬುಟ್ಟಿಯಲ್ಲಿ ಮೊಟ್ಟೆ ಏಡಿ ಸಿಕ್ಕಿತು. ಕೊಳ್ಳಲು ಬಂದ ಹೆಂಗಸೇ ಅದನ್ನು ಎತ್ತಿ ತೋರಿಸಿ, ನೀವೂ ಶುರು ಮಾಡಿದಿರಾ ಎಂದು ಕೇಳಿದಳು. ಸೊಸೆಗೆ ತಲೆ ಎತ್ತಲಾಗಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಮಾರನೆಯ ದಿನ ಅಪ್ಪನನ್ನು ಗಮನಿಸಿದ. ಅಪ್ಪ ಏಡಿಯನ್ನು ಮಗುಚುತ್ತಿದ್ದ, ಕಣ್ಣ ಹತ್ತಿರ ತರುತ್ತಿದ್ದ, ಹೆಬ್ಬೆರಳಿನಿಂದ ಸವರುತ್ತಿದ್ದ. ಆದರೆ ಕಣ್ಣು ಮಂಜಾಗಿತ್ತು. ಬಲೆಯ ನೂಲು, ಉಪ್ಪುನೀರು, ಏಡಿಯ ಕೊಂಬಿನ ಚಿವುಟು ಎಲ್ಲ ಸೇರಿ ಬೆರಳು ಯಾವತ್ತೋ ಮರಗಟ್ಟಿತ್ತು. ಪಾಪ, ಮೊಟ್ಟೆ ಇದ್ದದ್ದೂ ಇಲ್ಲದ್ದೂ ಅವನ ಕೈಯಲ್ಲಿ ಒಂದೇ ಆಗಿತ್ತು.

ಮಕ್ಕಳು ಹೇಳಬಹುದಿತ್ತು, ಹೇಳಲಿಲ್ಲ. ದೋಣಿ ಇಳಿದ ಯಜಮಾನರನ್ನು ಅವರು ಕಂಡಿದ್ದರು. ಅಂಥವರು ಬೆಳಗಾದರೆ ದಡಕ್ಕೆ ಬಂದು ಬೇರೆಯವರ ಬಲೆ ಮುಟ್ಟಿ ನೋಡಿ ಮನೆಗೆ ಹೋಗುವರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅರ್ಧ ಆಳಾಗುವರು. ನಮ್ಮಪ್ಪನಿಗೆ ಆ ಗತಿ ಬೇಡ ಎಂದು ಅಣ್ಣತಮ್ಮ ಮಾತಾಡಿಕೊಂಡರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಇಲ್ಲಿ ಮಕ್ಕಳಿಗೆ ಅಪ್ಪನೇ ಹೆಗ್ಗಣ. ಅಷ್ಟು ಮುದ್ದು.

ಆವತ್ತಿನಿಂದ ಬುಟ್ಟಿ ಕಾಯುವ ಕೆಲಸ ಶುರುವಾಯಿತು. ಅಪ್ಪ ತಪ್ಪಿ ಮೊಟ್ಟೆ ಏಡಿಯನ್ನು ಬುಟ್ಟಿಗೆ ಹಾಕಿದರೆ ಹಿರಿಯವನು ಬಾಗಿ ಎತ್ತಿ, ಸದ್ದಿಲ್ಲದೆ ಆಚೆ ಬದಿಯಿಂದ ನೀರಿಗೆ ಬಿಡುತ್ತಿದ್ದ. ಅವನಿಗೆ ಆಗದಿದ್ದರೆ ಕಿರಿಯವನು ಬಿಡುತ್ತಿದ್ದ. ನೀರು ಪುಳಕ್ ಎನ್ನುವ ಹೊತ್ತಿಗೆ ಒಬ್ಬ ಕೆಮ್ಮುತ್ತಿದ್ದ, ಇನ್ನೊಬ್ಬ ಏನೋ ಒಂದು ಮಾತು ತೆಗೆಯುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಅಪ್ಪನಿಗೆ ಏನೂ ತಿಳಿದಿಲ್ಲ ಎಂದು ಇಬ್ಬರಿಗೂ ಸಮಾಧಾನ. ಹೀಗೆ ಎರಡು ತಿಂಗಳು ನಡೆಯಿತು.

ಒಂದು ಬೆಳಿಗ್ಗೆ ಬಲೆಯಿಂದ ಏಡಿ ಬಿಡಿಸಿದ ಮೇಲೆ, ಅಪ್ಪ ಅವನ್ನು ಮಗುಚಿ ನೋಡುತ್ತಿರುವಾಗಲೇ, ಮಕ್ಕಳು ಮತ್ತೆ ಬಲೆ ಬಿಡುತ್ತಿದ್ದರು. ದೋಣಿ ಮುಂದೆ ಹೋಗುತ್ತಿತ್ತು, ಕಲ್ಲು ಕಟ್ಟಿದ ಬಲೆ ಹಗ್ಗದ ಸಮೇತ ಹಿಂದೆ ನೀರಿಗೆ ಇಳಿಯುತ್ತಿತ್ತು. ಆ ಹೊತ್ತಿನಲ್ಲಿ ಬಲೆ ಬಿಡುವವನ ಕಣ್ಣು ತನ್ನ ಕಾಲಬುಡದಲ್ಲಿರಬೇಕು. ಇಂಜಿನ್ ಹಿಡಿದವನ ಕಣ್ಣು ಬಲೆ ಬಿಡುವವನ ಮೇಲಿರಬೇಕು. ಏಡಿ ಹಿಡಿಯುವವರ ಮನೆಯ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಅಷ್ಟರಲ್ಲಿ ಅಪ್ಪ ಒಂದು ದೊಡ್ಡ ಮೊಟ್ಟೆ ಏಡಿಯನ್ನು ಸವರಿ ನೋಡಿ ಬುಟ್ಟಿಗೆ ಹಾಕಿದ. ಅದನ್ನು ಎತ್ತಲು ಅಣ್ಣ ಬಾಗಿದ. ಅಣ್ಣ ಎತ್ತಿದನೋ ಇಲ್ಲವೋ ಎಂದು ತಮ್ಮ ನೋಡಿದ. ಇಬ್ಬರ ಕಣ್ಣೂ ಆ ಒಂದು ಏಡಿಯ ಮೇಲೆ. ತಮ್ಮನ ಕಾಲು ಹಗ್ಗದ ಸುರುಳಿಯೊಳಗೆ ಹೋಯಿತು. ಅವನು ಕೂಗುವ ಮೊದಲೇ ಹಗ್ಗ ಅವನನ್ನು ನೀರಿಗೆ ಎಳೆಯಿತು.

ಇಂಜಿನ್ ಗದ್ದಲದಲ್ಲಿ ಅಣ್ಣನಿಗೆ ಗೊತ್ತಾಗಲಿಲ್ಲ. ಅಪ್ಪನಿಗೆ ಗೊತ್ತಾಯಿತು. ಹಲಗೆಗೆ ಉಜ್ಜಿಕೊಂಡು ಹೋಗುವ ಹಗ್ಗದ ಸದ್ದನ್ನು ಅವನು ನಲವತ್ತು ವರ್ಷ ಕೇಳಿದವನು. ಆ ಸದ್ದು ಒಮ್ಮೆ ತಡೆದು, ಮತ್ತೆ ಭಾರವಾಗಿ ಹೊರಟಿತು. ಅವನು ಕೈಯಲ್ಲಿದ್ದ ಇನ್ನೊಂದು ಏಡಿಯನ್ನು ಬಿಸಾಡಿ, ಎರಡೂ ಕೈಯಲ್ಲಿ ಹಗ್ಗ ತಬ್ಬಿ ಹಿಡಿದು, ಇಂಜಿನ್ ಬಂದ್ ಮಾಡು ಎಂದು ಕೂಗಿದ. ಹಗ್ಗ ಅವನ ಅಂಗೈಯ ಚರ್ಮವನ್ನು ಕಿತ್ತುಕೊಂಡು ಹೋಗುತ್ತಿತ್ತು, ಅವನು ಬಿಡಲಿಲ್ಲ. ಅಣ್ಣ ಬಂದು ಕೈ ಸೇರಿಸಿದ. ಇಬ್ಬರೂ ಎಳೆದರು. ತಮ್ಮ ಕಾಲು ಮೇಲಾಗಿ ಬಂದ, ಹೊಟ್ಟೆ ತುಂಬ ಉಪ್ಪುನೀರು, ಆದರೆ ಜೀವ ಇತ್ತು.

ಆಮೇಲೆ ಅಪ್ಪ ಕಿರಿಯವನ ತಲೆ ಒರೆಸುತ್ತ ಹೇಳಿದ:

"ನನ್ನ ಕಣ್ಣು ಹೋಗಿದೆ, ಕಿವಿ ಹೋಗಿಲ್ಲ ಮಕ್ಕಳೇ. ನೀವು ದಿನಾ ನನ್ನ ಬುಟ್ಟಿಯಿಂದ ಎತ್ತಿ ಬಿಟ್ಟದ್ದು ಒಂದೊಂದೂ ನೀರಿಗೆ ಬಿದ್ದದ್ದು ಕೇಳಿದ್ದೇನೆ."

"ಮತ್ತೆ ಯಾಕಪ್ಪ ಹೇಳಲಿಲ್ಲ?" ಎಂದ ಹಿರಿಯವನು.

"ಹೇಳಿದರೆ ನಾಳೆಯಿಂದ ಮನೆಯಲ್ಲಿ ಕೂತುಕೋ ಅನ್ನುತ್ತೀರಲ್ಲ. ಅದಕ್ಕೆ ಹೆದರಿದೆ."

ನೋಡು, ಮಕ್ಕಳಿಗೆ ಯಾವ ಹೆದರಿಕೆಯೋ ಅಪ್ಪನಿಗೂ ಅದೇ. ಒಂದೇ ದೋಣಿಯಲ್ಲಿ ಮೂವರೂ ಅದನ್ನು ಬಚ್ಚಿಟ್ಟುಕೊಂಡು ಎರಡು ತಿಂಗಳು ಕಡಲು ತಿರುಗಿದ್ದರು.

ಮನೆಗೆ ಬಂದ ಮೇಲೆ ಸೊಸೆ ಮೂವರಿಗೂ ಮಂಗಳಾರತಿ ಎತ್ತಿದಳು. ಮೈದುನನ ಕಾಲಿಗೆ ಎಣ್ಣೆ ಹಚ್ಚುತ್ತ ಬೈದಳು, ಮಾವನ ಅಂಗೈಗೆ ಅರಿಶಿನ ಹಚ್ಚುತ್ತ ಬೈದಳು, ಗಂಡನಿಗೆ ಏನೂ ಹಚ್ಚದೆ ಸುಮ್ಮನೆ ಬೈದಳು. ಕೊನೆಗೆ ಅವಳಿಗೇ ಅಳು ಬಂತು. ಕಣ್ಣೊರೆಸಿಕೊಂಡು ಮಾವನ ಮುಂದೆ ಕೂತಳು.

"ಮಾವ, ನಿಮಗೆ ಏಡಿ ಕಾಣುವುದಿಲ್ಲ. ಇನ್ನು ಅದನ್ನು ಇವರು ನೋಡಲಿ. ಇವರಿಗೆ ಹಗ್ಗ ಕೇಳುವುದಿಲ್ಲ. ಅದನ್ನು ನೀವು ಹಿಡಿದುಕೊಂಡು ಕೂತುಕೊಳ್ಳಿ."

ನಲವತ್ತು ವರ್ಷದ ಕೆಲಸ ಕೈಬಿಟ್ಟು ಹೋಗುವಾಗ ಮುದುಕನಿಗೆ ಸಂಕಟ ಆಗದೆ ಇರುತ್ತದೆಯೇ, ಆಯಿತು. ಆಮೇಲೆ, ನಾಳೆ ಎಷ್ಟು ಹೊತ್ತಿಗೆ ಹೊರಡುವುದು ಎಂದು ಕೇಳಿದ. ಅಂಗೈ ಮಾಯುವ ತನಕ ಹೊರಡುವುದಿಲ್ಲ ಎಂದು ಸೊಸೆ ಮತ್ತೆ ಬೈದಳು.

ಅಂಗೈ ಮಾಯಿತು. ಬುಟ್ಟಿಯ ಮುಂದೆ ಹಿರಿಯ ಮಗ ಏಡಿ ಮಗುಚಿ ನೋಡಲು ಕೂತ, ಇಂಜಿನ್ ನಿಂತಾಗ ಮಾತ್ರ. ಅಪ್ಪ ಬಲೆ ಬಿಡುವ ಬದಿಯಲ್ಲಿ ಹಗ್ಗದ ಮೇಲೆ ಕೈಯಿಟ್ಟು ಕೂತ. ಅಡಿಯಲ್ಲಿ ಮರಳಿದೆಯೋ ಬಂಡೆಯಿದೆಯೋ ಎಂದು ಹಗ್ಗದ ಎಳೆತದಿಂದ, ಸದ್ದಿನಿಂದಲೇ ಹೇಳುತ್ತಿದ್ದ. ಅವರ ಬಲೆ ಬಂಡೆಗೆ ಸಿಕ್ಕಿ ಹರಿಯುವುದು ಕಡಿಮೆಯಾಯಿತು. ಅಪ್ಪ ಇದನ್ನು ದಡದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ಮಕ್ಕಳು ನಾಚಿಕೊಂಡರೂ ತಡೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಎದ್ದು ನಿಂತ. ಹಾಗಾದರೆ ಹೇಳಿಬಿಡುವುದೇ ಸರಿ, ಇವತ್ತೇ ಹೋಗಿ ಹೇಳುತ್ತೇನೆ ಎಂದು ಚೀಲ ಹೆಗಲಿಗೆ ಹಾಕಿಕೊಂಡ.

"ಹೇಳು," ಎಂದರು ಗುರುಗಳು, "ಆದರೆ ಮೊದಲು ಅವರಿಗೆ ಕೂರಲು ಇನ್ನೊಂದು ಜಾಗ ಮಾಡಿಟ್ಟು ಆಮೇಲೆ ಹೇಳು."

ಶಿಷ್ಯ ಚೀಲವನ್ನು ಕೆಳಗಿಟ್ಟು ಮತ್ತೆ ಕೂತ.