ಎತ್ತದೆ ಬಿಟ್ಟ ಕಲ್ಲು

ಹುಣಿಸೆದಿಣ್ಣೆ ಅಂತ ಒಂದು ಕಾಡಿತ್ತು, ಮಕ್ಕಳೇ. ಎಲ್ಲಿದೆ ಅಂತ ಕೇಳಬೇಡಿ; ಕೇಳಿದವರಿಗೆಲ್ಲ ನಾನು ಒಂದೊಂದು ದಾರಿ ತೋರಿಸಿದ್ದೇನೆ. ಅಲ್ಲಿದ್ದದ್ದು ಒಂದೇ ಹೊಂಡ. ಪ್ರತಿ ಬೇಸಗೆ ದಿಣ್ಣೆಯವರಿಗೂ ಹಂದಿಗಳಿಗೂ ಐದು ಆಟ ಚಿನ್ನಿದಾಂಡು. ಹೆಚ್ಚು ಗೆದ್ದವರಿಗೆ ಮಳೆ ಬರುವತನಕ ಹೊಂಡದ ನೀರು. ಸೋತವರು ಬೇರೆಲ್ಲಾದರೂ ಹುಡುಕಿಕೊಳ್ಳಬೇಕು.

ದಿಣ್ಣೆಯವರು ಸೋತದ್ದೇ ಇಲ್ಲ. ಅವರಲ್ಲಿ ದಾಂಡಪ್ಪನೆಂಬ ಮುಸುವ ಇದ್ದ. ಅವನು ಹೊಡೆದ ಚಿನ್ನಿ ಒಮ್ಮೆ ಮೂರನೆಯ ದಿನ ನೆಲಕ್ಕೆ ಬಿತ್ತು. ಸರಿ, ಎರಡನೆಯ ದಿನ ಅಂತಿಟ್ಟುಕೊಳ್ಳಿ.

ದಿಣ್ಣೆಯಲ್ಲೊಂದು ಕಟ್ಟಳೆ. ಪ್ರತಿ ಆಟಗಾರನೂ ಬಯಲಿನಲ್ಲಿ ತನ್ನದೊಂದು ಕಲ್ಲು ಇಡಬೇಕು. ತಂಡ ಬಿಟ್ಟು ಹೋಗುವಾಗ ಇಟ್ಟವನೇ ಅದನ್ನು ಎತ್ತಬೇಕು. ಎತ್ತುವತನಕ ಅವನ ಜಾಗದಲ್ಲಿ ಇನ್ನೊಬ್ಬರು ಆಡುವಂತಿಲ್ಲ.

ಒಂದು ಬೇಸಗೆ, ಆಟ ಶುರುವಾಗುವ ಮುಂಚೆ, ಆಚೆ ಗುಡ್ಡದ ಕರಡಿ ದಾಂಡಪ್ಪನ ಹತ್ತಿರ ಬಂತು.

"ಏನಪ್ಪಾ, ನಮ್ಮ ಕಡೆ ಆಡ್ತೀಯಾ? ಆಟಕ್ಕೊಂದು ಹಲಸಿನ ಹಣ್ಣು. ಇಲ್ಲಿ ಏನು ಕೊಡ್ತಾರೆ?"

"ಬೆನ್ನು ತಟ್ತಾರೆ," ಎಂದ ದಾಂಡಪ್ಪ.

"ಅದರಿಂದ ಹೊಟ್ಟೆ ತುಂಬತ್ತಾ?"

ದಾಂಡಪ್ಪ ಒಪ್ಪಿದ. ಆದರೆ ಕಲ್ಲು ಎತ್ತಲು ಬಗ್ಗಿದವನು ಹಾಗೇ ನಿಂತ. 'ಹಲಸಿನ ಕಾಲ ಮುಗಿದ ಮೇಲೆ? ಇರಲಿ, ಜಾಗ ಇದ್ದರೆ ಒಳ್ಳೆಯದು.'

ತಂಡದ ಹಿರಿಯಳು ಚಿಪ್ಪಕ್ಕನೆಂಬ ಆಮೆ. ಅವಳಿಗೆ ಹೇಳಿದ, "ಚಿಪ್ಪಕ್ಕ, ನಮ್ಮತ್ತೆಗೆ ಮೈ ಸರಿಯಿಲ್ಲ. ಮೊದಲ ಆಟದ ಹೊತ್ತಿಗೆ ಬಂದುಬಿಡ್ತೀನಿ."

"ಹೋಗಿ ಬಾ ಮಗ. ಅವರನ್ನ ಚೆನ್ನಾಗಿ ನೋಡ್ಕೋ."

ಮೊದಲ ಆಟ ಬಂತು, ದಾಂಡಪ್ಪ ಬರಲಿಲ್ಲ. ಒಬ್ಬರು ಕಡಿಮೆಯಾಗಿ ಆಡಿ ದಿಣ್ಣೆಯವರು ಸೋತರು. ಎರಡನೆಯದೂ ಹೋಯಿತು.

"ನಾನು ಆಡ್ಲಾ ಅಕ್ಕ?" ಮೊಲ ಅಂಗಲಾಚಿತು. "ಅವನಷ್ಟು ಬರಲ್ಲ, ಆದ್ರೂ ಖಾಲಿ ಜಾಗಕ್ಕಿಂತ ನಾನು ವಾಸಿ."

"ಕಲ್ಲು ಇದೆಯಲ್ಲಮ್ಮ. ಬರದೇ ಇರೋನಾಗಿದ್ರೆ ಎತ್ತಿಕೊಂಡು ಹೋಗ್ತಿದ್ದ."

ಮೂರನೆಯದೂ ಸೋತರು. ಹೊಂಡ ಹಂದಿಗಳ ಪಾಲಾಯಿತು.

ಅತ್ತ ಗುಡ್ಡದಲ್ಲಿ ದಾಂಡಪ್ಪನ ಮಣಿಕಟ್ಟು ಉಳುಕಿತು.

"ಕೈ ಆಡಿದಷ್ಟು ದಿನ ಹಣ್ಣು ಕೊಟ್ಟೆ," ಎಂದಿತು ಕರಡಿ. ಅದು ಸುಳ್ಳೇನಲ್ಲ. "ಇನ್ನು ನಿನ್ನ ದಾರಿ ನೋಡ್ಕೋ."

ಉಳುಕಿದ ಕೈಯನ್ನು ಎದೆಗೊತ್ತಿಕೊಂಡು ದಾಂಡಪ್ಪ ದಿಣ್ಣೆಗೆ ಬಂದ. ಬಯಲು ಬಿಕೋ ಅನ್ನುತ್ತಿತ್ತು. ಅವನ ಕಲ್ಲಿನ ಪಕ್ಕ ಚಿಪ್ಪಕ್ಕ ಒಬ್ಬಳೇ ಕೂತಿದ್ದಳು. ಬೆನ್ನಮೇಲೆ ಧೂಳು, ಗಂಟಲೊಣಗಿತ್ತು.

"ಎಲ್ಲರೂ ಎಲ್ಲಕ್ಕ?"

"ನೀರು ಹುಡುಕಿಕೊಂಡು ಹೋದ್ರು. ಮೊಲದ ಎರಡು ಮರಿ ದಾರೀಲೇ ಹೋಗಿಬಿಟ್ವಂತೆ."

"ನೀನ್ಯಾಕೆ ಹೋಗ್ಲಿಲ್ಲ?"

"ನೀನು ಬಂದಾಗ ಯಾರಾದ್ರೂ ಇರಬೇಕಲ್ಲ ಮಗ."

ದಾಂಡಪ್ಪ ಬಗ್ಗಿ ಕಲ್ಲು ಎತ್ತಿದ. ಅಡಿಯ ಹುಲ್ಲು ಬಿಸಿಲು ಕಾಣದೆ ಬಿಳಿಚಿಕೊಂಡಿತ್ತು.

ಚಿಪ್ಪಕ್ಕ ಕಷ್ಟಪಟ್ಟು ಕತ್ತು ಚಾಚಿದಳು.

"ಅತ್ತೆ ಈಗ ಹೇಗಿದ್ದಾರಪ್ಪ?"

ನೀತಿ: ಹೆಚ್ಚು ಕೊಡುವವರ ಕಡೆ ಹೋಗುವುದು ತಪ್ಪಲ್ಲ, ಆದರೆ ಹೋಗುವವನು ತನ್ನ ಕಲ್ಲನ್ನು ಎತ್ತಿ ಹೋಗಬೇಕು.