ಏಳನೆಯ ಎಲೆ

ಹೊಳೆಯ ದಡದಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಹನ್ನೆರಡು ವರ್ಷ ಓದಿದ ಕಾತ್ಯಾಯಿನಿ ಎಂಬ ಶಿಷ್ಯೆ, ಮದುವೆಯಾಗಿ ಹೋದ ಎಷ್ಟೋ ವರ್ಷಗಳ ಮೇಲೆ, ಒಂದು ದಿನ ತನ್ನ ಮಗಳನ್ನು ಕರೆದುಕೊಂಡು ಗುರುಗಳ ಬಳಿಗೆ ಬಂದಳು.

ಮಗಳ ಹೆಸರು ಹೈಮವತಿ. ಹತ್ತು ವರ್ಷ. ಅವಳು ಶಾಲೆಗೆ ಹೋದವಳಲ್ಲ. ಅಂದರೆ ಓದು ಬಾರದವಳು ಎಂದಲ್ಲ. ತಾಯಿಯೇ ಅವಳಿಗೆ ಮನೆಯಲ್ಲಿ ಐದು ವರ್ಷದಿಂದ ಪಾಠ ಹೇಳುತ್ತಿದ್ದಳು.

"ನಮಸ್ಕಾರ ಅಜ್ಜಾ," ಎಂದಳು ಹುಡುಗಿ.

"ಗುರುಗಳೇ ಅನ್ನಬೇಕು," ಎಂದು ತಾಯಿ ತಿದ್ದಿದಳು.

"ಅಜ್ಜನೇ ಸರಿ," ಎಂದರು ಗುರುಗಳು. "ನೀನು ಹೋಗಿ ಹೊಳೆಯಲ್ಲಿ ಕಾಲು ತೊಳೆದುಕೊಂಡು ಬಾ, ಮಗಳೇ."

ಹುಡುಗಿ ಹೋದ ಮೇಲೆ ಕಾತ್ಯಾಯಿನಿ ಬಂದ ಕಾರಣ ಹೇಳಿದಳು.

"ಮಾವನವರಿಗೆ ನನ್ನ ಪಾಠದ ಮೇಲೆ ನಂಬಿಕೆಯಿಲ್ಲ, ಗುರುಗಳೇ. ಈ ತಿಂಗಳ ಕೊನೆಗೆ ಅವಳನ್ನು ಪಟ್ಟಣದ ಹಾಸ್ಟೆಲಿಗೆ ಸೇರಿಸುತ್ತಾರಂತೆ. 'ನಿನ್ನ ಗುರುಗಳು ಪರೀಕ್ಷೆ ಮಾಡಿ ಒಂದು ಪತ್ರ ಕೊಟ್ಟರೆ ಮಾತ್ರ ಮನೆಯಲ್ಲೇ ಓದಲಿ' ಎಂದಿದ್ದಾರೆ."

"ನಿನಗೆ ನಂಬಿಕೆ ಇದೆಯೇ?"

"ಏನು ಬೇಕಾದರೂ ಕೇಳಿ," ಎಂದಳು ಕಾತ್ಯಾಯಿನಿ. ಅವಳ ಮುಖದಲ್ಲಿ ಹೆಮ್ಮೆಯಿತ್ತು. "ಒಂದು ದಿನವೂ ಅವಳ ಪಕ್ಕದಿಂದ ನಾನು ಎದ್ದಿಲ್ಲ."

ಗುರುಗಳು ಒಮ್ಮೆ ಹೊಳೆಯ ಕಡೆ ನೋಡಿದರು.

"ಹಾಗಾದರೆ ನಾನು ಹೇಳಿದಂತೆ ಮಾಡು. ಅವಳು ಏನೇ ಉತ್ತರ ಹೇಳಲಿ, ನೀನು ಹುಬ್ಬು ಗಂಟಿಕ್ಕು. ಬಾಯಿ ಮಾತ್ರ ತೆರೆಯಬೇಡ."

ಹುಡುಗಿ ಬಂದು ಕುಳಿತಳು. ಗುರುಗಳು ಕೇಳಿದರು: "ಹನ್ನೆರಡನ್ನು ಎಂಟರಿಂದ ಗುಣಿಸಿದರೆ ಎಷ್ಟು?"

"ತೊಂಬತ್ತಾರು," ಎಂದಳು ಹೈಮವತಿ ತಟ್ಟನೆ. ಉತ್ತರ ಸರಿಯಾಗಿತ್ತು. ಹೇಳಿದವಳು ಗುರುಗಳನ್ನು ನೋಡಲಿಲ್ಲ, ತಾಯಿಯನ್ನು ನೋಡಿದಳು.

ತಾಯಿ ಹುಬ್ಬು ಗಂಟಿಕ್ಕಿದಳು.

"ಅಲ್ಲ, ತೊಂಬತ್ತೆಂಟು."

ತಾಯಿಯ ಹುಬ್ಬು ಹಾಗೆಯೇ ಇತ್ತು.

"ಎಂಬತ್ತಾರಾ?" ಹುಡುಗಿಯ ದನಿ ಇಳಿಯಿತು.

ಗುರುಗಳು ಅವಳ ಕೈಗೆ ಒಂದು ಬಾಳೆಹಣ್ಣು ಕೊಟ್ಟು ಆಡಲು ಕಳಿಸಿದರು.

ಕಾತ್ಯಾಯಿನಿಯ ಕಣ್ಣು ತುಂಬಿತ್ತು. "ಐದು ವರ್ಷ ನಾನು ಕಲಿಸಿದ್ದಾದರೂ ಏನು, ಗುರುಗಳೇ?"

"ನಿನ್ನ ಮುಖ ಓದುವುದನ್ನು. ತುಂಬ ಚೆನ್ನಾಗಿ ಕಲಿಸಿದ್ದೀಯ."

ಮರುದಿನ ಬೆಳಗ್ಗೆ ಕಾತ್ಯಾಯಿನಿ ಬೇರೆಯೇ ಹೆಂಗಸಾಗಿದ್ದಳು. ಮಗಳ ಸ್ಲೇಟಿನ ಮೇಲೆ ಒಂದು ಉದ್ದದ ಲೆಕ್ಕ ಬರೆದಳು. "ಇದನ್ನು ನೀನೊಬ್ಬಳೇ ಮಾಡಬೇಕು. ನನ್ನನ್ನು ಏನೂ ಕೇಳಬೇಡ," ಎಂದಳು. ಹರಿಗೋಲು ಹತ್ತಿ ಹೊಳೆಯ ಆಚೆ ದಡಕ್ಕೆ ಹೋದಳು. ಅಲ್ಲಿ ಅವಳಿಗೆ ಯಾವ ಕೆಲಸವೂ ಇರಲಿಲ್ಲ. ಹತ್ತಿರವಿದ್ದರೆ ಬಾಯಿ ತಡೆಯಲಾರೆನೆಂದೇ ಹೋದದ್ದು.

ಸಂಜೆ ಮರಳಿದಾಗ ಸ್ಲೇಟಿನಲ್ಲಿ ಲೆಕ್ಕದ ಕೆಳಗೆ ಒಂದು ಗೆರೆ ಮಾತ್ರ ಇತ್ತು. ಆ ಗೆರೆಯೂ ಅಳಿಸಿಹೋಗಿತ್ತು, ಕಣ್ಣೀರಿನಿಂದ.

"ಏನಾದರೂ ಬರೆಯಬಹುದಿತ್ತಲ್ಲೇ?"

"ನೀನು ಸಿಟ್ಟು ಮಾಡಿಕೊಂಡು ಹೋದೆ ಅಂದುಕೊಂಡೆ," ಎಂದಳು ಹುಡುಗಿ. "ಮತ್ತೆ ಬರುತ್ತೀಯೋ ಇಲ್ಲವೋ ಅಂತ ಆ ದಡವನ್ನೇ ನೋಡುತ್ತಿದ್ದೆ."

ಕಾತ್ಯಾಯಿನಿ ಸ್ಲೇಟು ಹಿಡಿದುಕೊಂಡು ಗುರುಗಳ ಮುಂದೆ ನಿಂತಳು.

"ಪಕ್ಕದಲ್ಲಿ ಕೂತರೂ ತಪ್ಪು, ಎದ್ದು ಹೋದರೂ ತಪ್ಪು. ನಾನು ಎಲ್ಲಿ ಇರಬೇಕು, ಗುರುಗಳೇ?"

"ಎಲೆ ರಾಶಿಯ ಹತ್ತಿರ," ಎಂದರು ಗುರುಗಳು.

ಅವಳಿಗೆ ಅರ್ಥವಾಗಲಿಲ್ಲ.

ಮೂರನೆಯ ದಿನ ಜಗಲಿಯ ಮೇಲೆ ಮುತ್ತುಗದ ಎಲೆಗಳ ರಾಶಿ ಬಿದ್ದಿತ್ತು. ಈ ಎಲೆಗಳನ್ನು ಸಣ್ಣ ಕಡ್ಡಿಗಳಿಂದ ಒಂದಕ್ಕೊಂದು ಹಚ್ಚಿ ಊಟದೆಲೆ ಮಾಡುತ್ತಾರೆ. ಆಶ್ರಮದ ಹೆಂಗಸರೆಲ್ಲರಿಗೂ ಬರುವ ಕೆಲಸ ಅದು. ಕಾತ್ಯಾಯಿನಿಗೆ ಮಾತ್ರ ಬರುತ್ತಿರಲಿಲ್ಲ. ಪಾಠದಲ್ಲಿ ಮುಂದಿದ್ದಾಳೆಂದು ಹಿಂದೆ ಅವಳನ್ನು ಯಾರೂ ಈ ಕೆಲಸಕ್ಕೆ ಕರೆದಿರಲಿಲ್ಲ.

ಗುರುಗಳು ಒಂದು ಊಟದೆಲೆ ಹಚ್ಚಿ ತೋರಿಸಿದರು. ಆರು ಎಲೆ ಬೇಕಾಯಿತು.

"ಮುಂದಿನ ಹುಣ್ಣಿಮೆಗೆ ನೂರಾ ಇಪ್ಪತ್ತು ಜನ ಊಟಕ್ಕೆ ಬರುತ್ತಾರೆ. ಅಷ್ಟೂ ಊಟದೆಲೆ ನೀನೇ ಹಚ್ಚಬೇಕು, ಕಾತ್ಯಾಯಿನಿ. ಇವತ್ತು ಕೈ ಪಳಗಿಸಿಕೋ."

ಆಮೇಲೆ ಹುಡುಗಿಯ ಕಡೆ ತಿರುಗಿದರು. "ಅದಕ್ಕೆ ಕಾಡಿನಿಂದ ಎಷ್ಟು ಎಲೆ ತರಿಸಬೇಕು? ಸಂಜೆಯೊಳಗೆ ಹೇಳು. ನೀನು ಹೇಳಿದಷ್ಟನ್ನೇ ತರಿಸುತ್ತೇನೆ. ಕಡಿಮೆ ಬಿದ್ದರೆ ಅಷ್ಟು ಜನ ಎಲೆಯಿಲ್ಲದೆ ಅಂಗೈಯಲ್ಲೇ ಅನ್ನ ಹಾಕಿಸಿಕೊಳ್ಳಬೇಕಾಗುತ್ತದೆ."

ತಾಯಿಯನ್ನು ಮಗಳಿಗೆ ಬೆನ್ನು ಮಾಡಿ ಕೂರಿಸಿದರು. ನಡುವೆ ನಾಲ್ಕೇ ಮಾರು ದೂರ.

"ಕರೆದರೆ ತಿರುಗು. ಕರೆಯದಿದ್ದರೆ ಎಲೆ ನೋಡು," ಎಂದು ಹೇಳಿ ಹೊರಟುಹೋದರು.

ಕಾತ್ಯಾಯಿನಿ ಮೊದಲ ಎಲೆಗೆ ಕಡ್ಡಿ ಚುಚ್ಚಿದಳು. ಎಲೆ ಪರ್ರೆಂದು ಹರಿಯಿತು. ಹಿಂದಿನಿಂದ ಮಗಳು ನಕ್ಕದ್ದು ಕೇಳಿಸಿತು.

"ಅಮ್ಮಾ."

ತಾಯಿ ತಿರುಗಿದಳು. "ಏನು?"

"ಏನಿಲ್ಲ. ಇದ್ದೀಯಾ ಅಂತ ನೋಡಿದೆ."

"ಇದ್ದೀನಿ."

ಸ್ವಲ್ಪ ಹೊತ್ತು ಕಳೆಯಿತು. ಬಳಪದ ಸದ್ದು ಬಂತು, ನಿಂತಿತು. ಕಾತ್ಯಾಯಿನಿಗೆ ಲೆಕ್ಕ ಕೂತಲ್ಲೇ ಗೊತ್ತಾಗಿತ್ತು. ನೂರಾ ಇಪ್ಪತ್ತು ಆರಲಿ ಏಳುನೂರ ಇಪ್ಪತ್ತು. ಹೇಳಿಬಿಡಲು ನಾಲಗೆ ತುರಿಸುತ್ತಿತ್ತು. ಅವಳು ಇನ್ನೊಂದು ಎಲೆ ಎತ್ತಿಕೊಂಡಳು.

"ಅಮ್ಮಾ, ಪುಟ್ಟ ಮಕ್ಕಳಿಗೂ ದೊಡ್ಡ ಎಲೆಯೇನಾ?"

"ಹೌದು, ಎಲ್ಲರಿಗೂ ಒಂದೇ ಅಳತೆ."

ಅಷ್ಟು ಹೇಳಿ ಕಾತ್ಯಾಯಿನಿ ಮತ್ತೆ ಎಲೆಯ ಕಡೆ ತಿರುಗಿದಳು. ಕುತ್ತಿಗೆ ನೋಯುತ್ತಿತ್ತು. ಕೆಲಸದಿಂದ ಬಂದ ನೋವಲ್ಲ, ತಿರುಗದೆ ತಡೆದದ್ದರಿಂದ ಬಂದ ನೋವು.

ಆಮೇಲೆ ಬಹಳ ಹೊತ್ತು ಯಾರೂ ಕರೆಯಲಿಲ್ಲ. ಬೆರಳಿಗೆ ಕಡ್ಡಿ ಚುಚ್ಚಿ, ಎಲೆ ಹರಿದು, ಮತ್ತೆ ಹಚ್ಚುವುದರಲ್ಲಿ ಅವಳು ಮಗಳನ್ನು ಮರೆತೇಬಿಟ್ಟಳು. ಐದು ವರ್ಷದಲ್ಲಿ ಹಾಗೆ ಮರೆತದ್ದು ಅದೇ ಮೊದಲು.

ತಲೆಯೆತ್ತಿದಾಗ ಹೈಮವತಿ ಅವಳ ಎದುರಿಗೇ ಕುಕ್ಕರಗಾಲಲ್ಲಿ ಕೂತಿದ್ದಳು. ಹಚ್ಚಿದ ಊಟದೆಲೆಗಳನ್ನು ಎಣಿಸಿದಳು. ಒಂದನ್ನೆತ್ತಿ ಬೆಳಕಿಗೆ ಹಿಡಿದಳು.

"ಇದರಲ್ಲಿ ಸಾರು ಸೋರುತ್ತೆ, ಅಮ್ಮ."

"ಹಚ್ಚುವವಳು ನಾನಾ, ನೀನಾ?"

ಹುಡುಗಿ ಪಕ್ಕಕ್ಕೆ ಎಸೆದಿದ್ದ ಹರಿದ ಎಲೆಗಳನ್ನೂ ಒಂದೊಂದಾಗಿ ಎಣಿಸಿದಳು. ತುಟಿಯೊಳಗೇ ಏನೋ ಹೇಳಿಕೊಂಡು ತನ್ನ ಜಾಗಕ್ಕೆ ಓಡಿದಳು.

ಸಂಜೆ ಗುರುಗಳು ಬಂದರು.

"ಎಷ್ಟು, ಮಗಳೇ?"

"ಎಂಟುನೂರ ನಲವತ್ತು."

ಈ ಸಲ ಕಾತ್ಯಾಯಿನಿಯ ಹುಬ್ಬು ಯಾರೂ ಹೇಳದೆಯೇ ಗಂಟಿಕ್ಕಿತು. "ಇನ್ನೊಂದು ಸಲ ನೋಡು, ಹೈಮಾ. ಏಳುನೂರ ಇಪ್ಪತ್ತಲ್ಲವೇ?"

ಹುಡುಗಿ ತಾಯಿಯ ಮುಖ ನೋಡಿದಳು. ಅವಳ ಬಾಯಿ ಸ್ವಲ್ಪ ತೆರೆಯಿತು. ತನ್ನ ಒಂದು ಮಾತಿನಿಂದ ಎಲ್ಲವೂ ಹಾಳಾಯಿತು ಎಂದು ಕಾತ್ಯಾಯಿನಿಗೆ ಆಗಲೇ ಅನ್ನಿಸಿತ್ತು.

ಹುಡುಗಿ ಮುಖದಿಂದ ಕಣ್ಣು ತೆಗೆದಳು. ಸ್ಲೇಟು ನೋಡಿದಳು.

"ಅಲ್ಲ, ಅಮ್ಮ. ನೀನು ಹತ್ತು ಊಟದೆಲೆ ಹಚ್ಚಿದ್ದೀಯ. ಹರಿದ ಎಲೆಯೂ ಹತ್ತು ಬಿದ್ದಿದೆ. ಅಂದರೆ ಒಂದು ಊಟದೆಲೆಗೆ ಆರು ಹಚ್ಚುತ್ತೀಯ, ಒಂದು ಹರಿಯುತ್ತೀಯ. ನಿನಗೆ ಏಳು ಬೇಕು."

ಗುರುಗಳು ಗಡ್ಡ ನೀವಿಕೊಂಡರು. "ನಾನು ಹಚ್ಚಿದರೆ ಒಂದೂ ಹರಿಯುವುದಿಲ್ಲವಲ್ಲ?"

"ನೀವು ಹಚ್ಚುತ್ತೀರಾ, ಅಜ್ಜಾ?"

"ಇಲ್ಲ. ನಿನ್ನ ಅಮ್ಮನೇ."

"ಹಾಗಾದರೆ ಎಂಟುನೂರ ನಲವತ್ತು," ಎಂದಳು ಹೈಮವತಿ.

ಕಾತ್ಯಾಯಿನಿ ತಲೆ ಬಗ್ಗಿಸಿ ಹರಿದ ಎಲೆಗಳನ್ನು ಒಟ್ಟು ಮಾಡತೊಡಗಿದಳು. ಸೋತದ್ದಕ್ಕೆ ತಲೆ ಬಗ್ಗಿಸಿದಳೆಂದು ಯಾರಾದರೂ ತಿಳಿದಾರು. ಅದಲ್ಲ. ತನ್ನ ಮುಖದಲ್ಲಿ ಉಕ್ಕುತ್ತಿದ್ದುದು ಮಗಳಿಗೆ ಕಾಣಬಾರದೆಂದು ಹಾಗೆ ಮಾಡಿದಳು. ಮೊದಲ ದಿನ ಬಂದಾಗ ಅವಳಿಗೆ ತನ್ನ ಪಾಠದ ಮೇಲೆ ಹೆಮ್ಮೆಯಿತ್ತು. ಇದು ಅದಕ್ಕಿಂತ ದೊಡ್ಡದಾಗಿತ್ತು. ಇದರಲ್ಲಿ ಅವಳದೇನೂ ಪಾಲು ಇರಲಿಲ್ಲ. ಇದ್ದರೂ ಒಂದಿಷ್ಟು ಹರಿದ ಎಲೆ, ಅಷ್ಟೇ.

ಗುರುಗಳು ಎಲೆ ತರುವವರನ್ನು ಕರೆದರು. "ಹುಣ್ಣಿಮೆಗೆ ಎಂಟುನೂರ ನಲವತ್ತು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ," ಎಂದರು.

"ಮಾವನವರಿಗೆ ಪತ್ರ?" ಎಂದು ಕಾತ್ಯಾಯಿನಿ ಮೆಲ್ಲನೆ ನೆನಪಿಸಿದಳು.

ಗುರುಗಳು ಒಂದು ಹಾಳೆ ತರಿಸಿ ಹುಡುಗಿಯ ಮುಂದಿಟ್ಟರು. "ನಿನ್ನ ತಾತನಿಗೆ ನೀನೇ ಬರೆ. ಇಲ್ಲಿ ಮೂರು ದಿನ ಏನೇನು ನಡೆಯಿತೋ ಅದನ್ನೆಲ್ಲ ಬರೆ. ತೊಂಬತ್ತೆಂಟು ಅಂದದ್ದನ್ನೂ."

ಹೈಮವತಿ ಕಂಬಕ್ಕೆ ಒರಗಿ ಬರೆದಳು. ಕಾತ್ಯಾಯಿನಿ ಎಲೆ ಹಚ್ಚುತ್ತಾ ಕೂತಳು. ಯಾರೂ ಯಾರನ್ನೂ ಕರೆಯಲಿಲ್ಲ.

ಬರೆದು ಮುಗಿದ ಮೇಲೆ ಹುಡುಗಿ ಹಾಳೆಯನ್ನು ಮಡಿಸಿ ತಂದಳು. ಗುರುಗಳು ಕೊನೆಯ ಮಡಿಕೆಯನ್ನಷ್ಟೇ ಬಿಡಿಸಿ, ಖಾಲಿ ಇದ್ದ ಜಾಗದಲ್ಲಿ ತಮ್ಮ ಹೆಸರು ಬರೆದು, ಪತ್ರವನ್ನು ಕಾತ್ಯಾಯಿನಿಯ ಕೈಗಿತ್ತರು.

ಅವಳ ಹೆಬ್ಬೆರಳು ಮಡಿಕೆಯೊಳಗೆ ಹೋಯಿತು.

"ಒಂದೇ ಒಂದು ಸಲ ನೋಡಿಬಿಡಲೇ, ಗುರುಗಳೇ? ಏನಾದರೂ ತಪ್ಪಿದ್ದರೆ ತಿದ್ದಿ ಕಳಿಸಬಹುದು."

"ನಾನೂ ಓದದೆಯೇ ಸಹಿ ಹಾಕಿದ್ದೇನೆ, ಕಾತ್ಯಾಯಿನಿ."