ಖಾಲಿ ಜಾಗ

ಹೊಳೆದಂಡೆಯ ಆಶ್ರಮಕ್ಕೆ ಮರುಳಸಿದ್ಧ ಹದಿನೈದು ವರ್ಷಗಳ ಮೇಲೆ ಬಂದ. ಒಂದು ಕಾಲಕ್ಕೆ ಅಲ್ಲಿನ ಗುರು ಅಚಲಾನಂದರ ಬಳಿ ಓದಿದವನು. ಈಗ ಹೊಸ ಊರುಗಳ ನಕ್ಷೆ ಮಾಡುವ ಎಂಜಿನಿಯರು.

"ಗುರುಗಳೇ, ನಾನು ಕಟ್ಟಿಸಿದ ಊರನ್ನು ನೀವೊಮ್ಮೆ ನೋಡಬೇಕು. ನಲವತ್ತು ಸಾವಿರ ಜನ ಇದ್ದಾರೆ. ಒಂದು ರಸ್ತೆಯೂ ಸೊಟ್ಟಗಿಲ್ಲ."

"ಅಷ್ಟು ದೂರ ಬರಲಾರೆ. ಇಲ್ಲೇ ತೋರಿಸು."

ಅವನು ಕಡ್ಡಿಯಿಂದ ಮರಳಿನ ಮೇಲೆ ಗೆರೆ ಎಳೆದ. ಎರಡು ಕಲ್ಲಿಟ್ಟು, "ಇದು ಜೋಡಿಗುಡ್ಡ. ಕೆಳಗೆ ದೊಡ್ಡ ರಸ್ತೆ, ನಡುವೆ ಸರ್ಕಲ್ಲು," ಎಂದ.

"ಮೊದಲು ಅಲ್ಲಿ ಏನಿತ್ತು?"

"ಏನೂ ಇರಲಿಲ್ಲ. ಖಾಲಿ ಜಾಗ."

ಆಶ್ರಮದಲ್ಲಿ ಅಡುಗೆ ಮಾಡುವ ಹೆಂಗಸು ಮಜ್ಜಿಗೆ ತಂದಿದ್ದಳು. ಜೋಡಿಗುಡ್ಡ ಎಂದದ್ದು ಕಿವಿಗೆ ಬಿದ್ದು ನಿಂತಳು. ಲೋಟಗಳನ್ನು ಇಳಿಸಿ ಗೆರೆಗಳ ಪಕ್ಕ ಕೂತಳು.

"ಸ್ವಾಮಿ, ಗುಡ್ಡದ ಕೆಳಗೆ ಕೆರೆ ಇತ್ತಲ್ಲ, ಅದೆಲ್ಲಿ?"

"ಅದು ಬರೀ ಜೊಂಡು ಬೆಳೆದ ಕೆಸರು ಕಣಮ್ಮ. ಮಣ್ಣು ತುಂಬಿಸಿದೆವು."

"ಆ ಜೊಂಡಲ್ಲೇ ನಾವು ಚಾಪೆ ಹೆಣೀತಿದ್ದದ್ದು. ಅರವತ್ತು ಮನೆ ಇತ್ತು. ಈಗ ಮಳೆನೀರು ಎಲ್ಲಿ ನಿಲ್ತದೆ?"

ಹೋದ ಮಳೆಗಾಲದಲ್ಲಿ ಹೊಸ ಊರಿನ ತಗ್ಗಿನ ಬೀದಿಯ ಮನೆಗಳಿಗೆ ಎದೆಮಟ್ಟ ನೀರು ನುಗ್ಗಿತ್ತು. ಚರಂಡಿ ಕಟ್ಟಿದವರದೇ ತಪ್ಪು ಎಂದು ಮರುಳಸಿದ್ಧ ವರದಿ ಬರೆದಿದ್ದ.

ಹೆಂಗಸಿನ ಬೆರಳು ಸರ್ಕಲ್ಲಿನ ಮೇಲೆ ನಿಂತಿತು.

"ಇಲ್ಲೊಂದು ಹೊಂಗೆಮರ ಇತ್ತು. ಅದರ ಬುಡದಲ್ಲಿ ನನ್ನ ಮಗಳನ್ನ ಮಣ್ಣು ಮಾಡಿದ್ವಿ. ಮೂರು ವರ್ಷದ ಕೂಸು. ಜೆಸಿಬಿ ಬಂದಾಗ, ಒಂದು ದಿನ ತಡೀರಿ, ಮೂಳೆ ಆಯ್ಕೊತೀನಿ ಅಂದೆ. ತಡೀಲಿಲ್ಲ. ಈಗ ಅಲ್ಲೇನಿದೆ ಸ್ವಾಮಿ?"

ಮರುಳಸಿದ್ಧ ಕಡ್ಡಿಯನ್ನು ಕೆಳಗಿಟ್ಟ.

"ಕಾರಂಜಿ," ಎಂದ.

"ಅಂದ್ರೆ?"

"ನೀರು ಮೇಲಕ್ಕೆ ಚಿಮ್ಮುತ್ತೆ. ಸಂಜೆ ಹೊತ್ತು ಮಕ್ಕಳು ನೋಡೋಕೆ ಬರ್ತಾರೆ."

ಆಕೆ ಸೆರಗು ಸರಿಮಾಡಿಕೊಂಡು ಅಡುಗೆಮನೆಗೆ ಹೋದಳು.

ಮರುಳಸಿದ್ಧ ಗುರುಗಳ ಕಡೆ ತಿರುಗಿದ.

"ಗುರುಗಳೇ, ಮೇಲಿನಿಂದ ತೆಗೆದ ಚಿತ್ರದಲ್ಲಿ ಆ ಮನೆಗಳು ಕಂಡಿದ್ದವು. ಗುಡಿಸಲು ತಾನೆ ಅಂದುಕೊಂಡೆ. ಖಾಲಿ ಎಂದು ಬರೆದವನು ನಾನೇ."

ಅವನು ಮತ್ತೆ ಮರಳಿನ ಗೆರೆಗಳನ್ನು ನೋಡಿದ.

"ಜನ ತುಂಬಿದ ಊರನ್ನು ಕೆಡವಲಾರೆ. ಕೆರೆಯನ್ನು ವಾಪಸ್ಸು ತರಲಾರೆ. ಆ ಹೆಂಗಸಿಗೆ ನಾನು ಏನು ಮಾಡಲಿ? ಎಲ್ಲಿಂದ ಶುರು ಮಾಡಲಿ?"

"ಒಳಗೆ ಹೋಗಿ ಅವಳ ಹೆಸರು ಕೇಳು," ಎಂದರು ಅಚಲಾನಂದರು.